ಸೇನಾಪತಿ ಅಧ್ಯಕ್ಷರಾದಾಗ

ಸೈನಿಕರು ದೇಶ ಆಳಿದರೆ ಬರೀ ಯುದ್ಧವೇ ಅಂತ ಕೆಲವರು ಹೇಳ್ತಾರೆ. ಇದು ನಿಜವೇ? ಅಮೆರಿಕ ದೇಶದ ಒಬ್ಬ ಅಧ್ಯಕ್ಷರ ವಿಷಯ ತಿಳಿಯೋಣ.

ಅವರ ಹೆಸರು ಐಸೆನ್‌ಹೋವರ್. ಎರಡನೇ ಮಹಾಯುದ್ಧದಲ್ಲಿ ಅವರು ಸೇನಾಪತಿ. ಹಿಟ್ಲರನ ಸೈನ್ಯ ಫ್ರಾನ್ಸ್ ದೇಶವನ್ನು ಹಿಡಿದಿತ್ತು. 1944ರ ಜೂನ್ 6ರಂದು ಇವರ ಸೈನ್ಯ ಸಮುದ್ರ ದಾಟಿ ಅಲ್ಲಿ ಇಳಿಯಿತು. ಅದಕ್ಕೆ ಮೊದಲೇ ಅವರು ಒಂದು ಚೀಟಿ ಬರೆದು ಇಟ್ಟುಕೊಂಡಿದ್ದರು. ಸೋತರೆ ತಪ್ಪು ನನ್ನೊಬ್ಬನದೇ ಎಂದು ಅದರಲ್ಲಿತ್ತು. ಸೈನ್ಯ ಗೆದ್ದಿತು. ಚೀಟಿ ಬೇಕಾಗಲಿಲ್ಲ. ಆದರೆ ಆ ಒಂದೇ ದಿನ ಸಾವಿರಾರು ಸೈನಿಕರು ಸತ್ತರು.

1952ರಲ್ಲಿ ಅವರು ಸೈನ್ಯ ಬಿಟ್ಟು ಚುನಾವಣೆಗೆ ನಿಂತರು. ಜನ ಓಟು ಹಾಕಿ ಗೆಲ್ಲಿಸಿದರು. 1953ರಿಂದ 1961ರವರೆಗೆ ಅಧ್ಯಕ್ಷರಾಗಿದ್ದರು.

ಸೈನ್ಯದಲ್ಲಿ ಕಲಿತದ್ದು ಆಗ ಹೇಗೆ ಉಪಯೋಗಕ್ಕೆ ಬಂತು? ನೋಡೋಣ.

ಆಗ ಕೊರಿಯಾದಲ್ಲಿ ಯುದ್ಧ ನಡೆದಿತ್ತು. ಗೆದ್ದ ಮೇಲೆ ಅವರು ಸ್ವತಃ ಅಲ್ಲಿಗೆ ಹೋಗಿ ನೋಡಿ ಬಂದರು. 1953ರ ಜುಲೈನಲ್ಲಿ ಕದನ ನಿಂತಿತು.

ಇನ್ನೊಂದು ರಸ್ತೆಯ ಕೆಲಸ. 1919ರಲ್ಲಿ ಅವರು ಸೈನ್ಯದ ಲಾರಿಗಳ ಜೊತೆ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿದ್ದರು. ಅದಕ್ಕೆ 62 ದಿನ ಹಿಡಿಯಿತು! ರಸ್ತೆ ಅಷ್ಟು ಕೆಟ್ಟಿತ್ತು. ಮುಂದೆ ಜರ್ಮನಿಯಲ್ಲಿ ಒಳ್ಳೆಯ ಹೆದ್ದಾರಿ ಕಂಡರು. ಅಧ್ಯಕ್ಷರಾದ ಮೇಲೆ, 1956ರಲ್ಲಿ, ದೇಶದ ತುಂಬ ಹೆದ್ದಾರಿ ಮಾಡಿಸುವ ಕಾನೂನು ತಂದರು.

ಅವರಿಗೆ ಯುದ್ಧದ ಖರ್ಚೂ ಗೊತ್ತಿತ್ತು. ಒಂದು ದೊಡ್ಡ ಬಾಂಬರ್ ವಿಮಾನದ ದುಡ್ಡಿನಲ್ಲಿ 30ಕ್ಕೂ ಹೆಚ್ಚು ಊರುಗಳಲ್ಲಿ ಶಾಲೆ ಕಟ್ಟಬಹುದು ಎಂದು 1953ರಲ್ಲಿ ಹೇಳಿದರು. ಹಾಗಂತ ಎಲ್ಲವೂ ಸರಿಯಾಯಿತೇ? ಇಲ್ಲ. ಅವರ ಕಾಲದಲ್ಲೇ ಅಮೆರಿಕದ ಅಣುಬಾಂಬುಗಳು ಬಹಳ ಹೆಚ್ಚಿದವು.

1961ರ ಜನವರಿ 17ರಂದು, ಅಧಿಕಾರ ಬಿಡುವ ಮುಂಚೆ, ಜನರಿಗೆ ಒಂದು ಎಚ್ಚರಿಕೆ ಕೊಟ್ಟರು. ದೊಡ್ಡ ಸೈನ್ಯ, ಆಯುಧ ಮಾಡುವ ಕಾರ್ಖಾನೆಗಳು, ಎರಡೂ ಸೇರಿದರೆ ಸರ್ಕಾರವನ್ನೇ ತಮ್ಮ ಕಡೆಗೆ ಎಳೆದುಕೊಳ್ಳಬಹುದು ಎಂದರು. ಇದನ್ನು ಹೇಳಿದ್ದು ಸೈನ್ಯದ ಒಳಗನ್ನು ಪೂರ್ತಿ ಬಲ್ಲ ಸೇನಾಪತಿ!

ಇದನ್ನು ತಡೆಯೋರು ಯಾರು? ಅದನ್ನೂ ಅವರೇ ಹೇಳಿದರು. ಎಚ್ಚರವಾಗಿರುವ, ವಿಷಯ ತಿಳಿದ ಜನ ಮಾತ್ರ.

ಸೈನ್ಯದಲ್ಲಿ ಇದ್ದವರೆಲ್ಲ ಹೀಗೇ ಇರ್ತಾರೆ ಅಂತ ನಾವು ಹೇಳುವುದಿಲ್ಲ. ನಾಯಕರು ಯಾವ ಕೆಲಸದಿಂದ ಬಂದರು ಅನ್ನೋದು ಒಂದು ಮಾತು. ಅಲ್ಲಿ ಏನು ಕಲಿತರು ಅನ್ನೋದು ದೊಡ್ಡ ಮಾತು. ಅದನ್ನು ನಾವೇ ಓದಿ, ಕೇಳಿ, ವಿಚಾರ ಮಾಡಬೇಕು. ಆಮೇಲೆ ಓಟು ಹಾಕಬೇಕು. ಅಲ್ಲವೇ?