ಮನೆಯ ಗಣಕಯಂತ್ರಕ್ಕೆ ನಿಸ್ತಂತು ಸಂಪರ್ಕ: ತಡೆಗಳೂ ಪರಿಹಾರಗಳೂ

ಮಹಾನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಗಣಕಯಂತ್ರವು ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಊರಿನಲ್ಲಿರುವ ಹಿರಿಯರೊಡನೆ ಮಾತುಕತೆ, ವೈದ್ಯರ ಸಲಹೆ ಇವೆಲ್ಲವೂ ಅದರ ಮೂಲಕ ನಡೆಯುತ್ತಿವೆ. ಹೀಗಿರುವಾಗ ಹೊಸದಾಗಿ ಕೊಂಡು ತಂದ ಯಂತ್ರದ ನಿಸ್ತಂತು ಸಂಪರ್ಕವು, ಅಂದರೆ ವೈಫೈ, ಗಳಿಗೆಗೊಮ್ಮೆ ಕಡಿದುಹೋಗುತ್ತಿದ್ದರೆ ಅದು ಕೇವಲ ಕಿರಿಕಿರಿಯ ಸಂಗತಿಯಲ್ಲ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಮಗ, ಧಾರವಾಡದ ಮನೆಯಲ್ಲಿ ತಾಯಿ, ತಮ್ಮ ಚಿಕಿತ್ಸಾಲಯದಲ್ಲಿ ವೈದ್ಯರು, ಹೀಗೆ ಮೂವರೂ ಒಂದೇ ತೆರೆಯ ಮೇಲೆ ಕೂಡಿ ಮಾತನಾಡುವಾಗ ‘ಅರ್ಧ ಮಾತ್ರೆ’ ಎಂಬ ಮಾತಿನಲ್ಲಿ ‘ಅರ್ಧ’ ಎಂಬುದು ಕೇಳಿಸದೆ ಹೋದರೆ ಪರಿಣಾಮವೇನಾದೀತೆಂಬುದನ್ನು ಯಾರೂ ಊಹಿಸಬಲ್ಲರು.

ಇಂತಹ ಸಂದರ್ಭದಲ್ಲಿ ಬಹುಮಂದಿ ಮೊದಲು ದೂರುವುದು ಅಂತರ್ಜಾಲ ಕಂಪನಿಯನ್ನು; ಅನಂತರ ಯಂತ್ರ ಮಾರಿದ ಅಂಗಡಿಯನ್ನು. ಆದರೆ ದೋಷವಿರುವ ಸ್ಥಳವನ್ನು ಗುರುತಿಸದೆ ಮಾಡುವ ರಿಪೇರಿ ವ್ಯರ್ಥ. ದಿನದ ಲೆಕ್ಕ ತಾಳೆಯಾಗದಿದ್ದಾಗ ಅನುಭವಿ ಗುಮಾಸ್ತನು ಎಲ್ಲ ಲೆಜರುಗಳನ್ನೂ ಒಟ್ಟಿಗೆ ಹರಡಿಕೊಂಡು ಕೂಡುವುದಿಲ್ಲ. ವ್ಯತ್ಯಾಸವು ಯಾವ ಪುಸ್ತಕದಲ್ಲಿದೆ ಎಂದು ಮೊದಲು ನಿರ್ಧರಿಸಿ, ಆಮೇಲೆ ಪುಟ ತಿರುವುತ್ತಾನೆ. ಇಲ್ಲಿಯೂ ಅದೇ ಕ್ರಮ ತಕ್ಕದ್ದು.

ತರಂಗಗಳ ಸ್ವಭಾವ

ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಕಿರು ರೇಡಿಯೋ ತರಂಗಗಳನ್ನು ತಂತಿಯಿಲ್ಲದೆ ಕಳುಹಿಸಿ ದೂರದ ಗಂಟೆಯನ್ನು ಬಾರಿಸಿ, ಮದ್ದುಪುಡಿಯನ್ನು ಸಿಡಿಸಿ ತೋರಿಸಿದ್ದರು. ಇಂದಿನ ಮನೆಗಳ ವೈಫೈ ತರಂಗಗಳೂ ಅದೇ ಕುಲಕ್ಕೆ ಸೇರಿದವು. ಅವು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಸಂಚರಿಸುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಸುಮಾರು 12 ಸೆಂಟಿಮೀಟರು. ಅದು ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ, ಸಂದಣಿ ಹೆಚ್ಚು. 5 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಸುಮಾರು 6 ಸೆಂಟಿಮೀಟರು. ಅದು ವೇಗವಾದದ್ದು, ಆದರೆ ಗೋಡೆಗಳ ಮುಂದೆ ಬೇಗ ದಣಿಯುತ್ತದೆ. ಲೋಹದ ಹಾಳೆಯನ್ನಂತೂ ಇವೆರಡೂ ಭೇದಿಸಲಾರವು. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು ಗೋಡೆ, ಉಕ್ಕಿನ ಕಪಾಟು, ದೊಡ್ಡ ಕನ್ನಡಿ ಇವೆಲ್ಲವೂ ಅವುಗಳಿಗೆ ಅಡ್ಡಿಯೇ.

ದೋಷವು ಎಲ್ಲಿದೆ?

ಕಂಪನಿಯ ತಂತಿಯು ಮನೆಯ ರೌಟರಿನವರೆಗೆ ಬರುವುದು ಮೊದಲ ಕೊಂಡಿ. ರೌಟರಿನಿಂದ ಯಂತ್ರದವರೆಗಿನ ಗಾಳಿಯ ದಾರಿ ಎರಡನೆಯದು. ಯಂತ್ರವೇ ಮೂರನೆಯದು. ಇವುಗಳಲ್ಲಿ ಯಾವುದು ಸಡಿಲವಾಗಿದೆಯೆಂದು ತಿಳಿಯಲು ಮೊಬೈಲ್ ಫೋನು ಸಾಕು. ಅದರ ಮೊಬೈಲ್ ಡೇಟಾವನ್ನು ನಿಲ್ಲಿಸಿ, ವೈಫೈಗೆ ಸೇರಿಸಿ, ಗಣಕಯಂತ್ರದ ಪಕ್ಕದಲ್ಲಿಟ್ಟು ನೋಡಬೇಕು. ಫೋನು ಸರಿಯಾಗಿದ್ದು ಯಂತ್ರ ಮಾತ್ರ ಕಡಿದುಕೊಂಡರೆ ದೋಷ ಯಂತ್ರದ್ದು. ಎರಡೂ ಕಡಿದುಕೊಂಡರೆ ಫೋನನ್ನು ರೌಟರಿನ ಬಳಿಗೆ ಒಯ್ಯಬೇಕು. ಅಲ್ಲಿ ಸರಿಹೋದರೆ ದೋಷ ಗಾಳಿಯ ದಾರಿಯದು. ಅಲ್ಲಿಯೂ ಕಡಿದರೆ ರೌಟರಿನದು ಅಥವಾ ಕಂಪನಿಯ ತಂತಿಯದು. ಕಂಪನಿಗೆ ದೂರು ಕೊಡಬೇಕಾದದ್ದು ಆಗ.

ಇನ್ನೂ ಖಚಿತವಾದ ಪರೀಕ್ಷೆಯೊಂದುಂಟು. ವಿಂಡೋಸ್ ಯಂತ್ರದ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ‘ಡಿಫಾಲ್ಟ್ ಗೇಟ್‌ವೇ’ ಎಂಬುದರ ಮುಂದೆ ರೌಟರಿನ ವಿಳಾಸ ಕಾಣುತ್ತದೆ. ‘ಪಿಂಗ್’ ಎಂಬ ಆಜ್ಞೆಯೊಡನೆ ಆ ವಿಳಾಸವನ್ನೂ, ಕೊನೆಯಲ್ಲಿ ಒಂದು ಅಡ್ಡಗೆರೆ ಮತ್ತು ‘ಟಿ’ ಅಕ್ಷರವನ್ನೂ ಸೇರಿಸಿದರೆ ಯಂತ್ರವು ರೌಟರನ್ನು ಬಿಡದೆ ಕೂಗುತ್ತಿರುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರ ಬರುತ್ತಿದ್ದರೆ ಮನೆಯೊಳಗಿನ ದಾರಿ ಕ್ಷೇಮ. ಉತ್ತರವು ನಡುನಡುವೆ ತಪ್ಪುತ್ತಿದ್ದರೆ ದೋಷವು ಮನೆಯೊಳಗೇ ಇದೆಯೆಂದು ತಿಳಿಯಬಹುದು.

ಹೊಸ ಯಂತ್ರದ ತೊಡಕುಗಳು

ಡೆಸ್ಕ್‌ಟಾಪಿನಲ್ಲಿ ಅತಿ ಸಾಮಾನ್ಯವಾದ ಕಾರಣವು ಅಚ್ಚರಿ ಹುಟ್ಟಿಸುವಷ್ಟು ಸರಳವಾದುದು. ಅನೇಕ ಯಂತ್ರಗಳ ಬೆನ್ನಿನಲ್ಲಿ ವೈಫೈಗಾಗಿ ಚಿನ್ನದ ಬಣ್ಣದ, ಸ್ಕ್ರೂ ಸುತ್ತಿನ ಎರಡು ಮೂತಿಗಳಿರುತ್ತವೆ. ಅವುಗಳಿಗೆ ಜೋಡಿಸಬೇಕಾದ ಆಂಟೆನಾಗಳು ಬೇರೆಯೇ ಪೊಟ್ಟಣದಲ್ಲಿ ಬಂದು, ಪೆಟ್ಟಿಗೆಯೊಡನೆ ಅಟ್ಟ ಸೇರಿಬಿಡುತ್ತವೆ! ಆಂಟೆನಾ ಇಲ್ಲದೆಯೂ ಯಂತ್ರವು ಸಮೀಪದ ರೌಟರನ್ನು ಕ್ಷೀಣವಾಗಿ ಹಿಡಿಯುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಯಾವ ಖರ್ಚಿಗೂ ಮುನ್ನ ಆ ಪೆಟ್ಟಿಗೆಯನ್ನು ಶೋಧಿಸತಕ್ಕದ್ದು. ಎರಡು ಆಂಟೆನಾಗಳನ್ನೂ ಬಿಗಿಯಾಗಿ ತಿರುಗಿಸಿ ನೆಟ್ಟಗೆ ನಿಲ್ಲಿಸಬೇಕು.

ಎರಡನೆಯದು ಯಂತ್ರವನ್ನಿಡುವ ಸ್ಥಳ. ಅದನ್ನು ಮೇಜಿನ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಇಡುವುದು ರೂಢಿ. ಆಗ ಆಂಟೆನಾಗಳು ಗೋಡೆಗೂ ಯಂತ್ರದ ಲೋಹದ ಕವಚಕ್ಕೂ ನಡುವೆ ಸಿಕ್ಕಿಬೀಳುತ್ತವೆ. ಯಂತ್ರವನ್ನು ಮೇಜಿನ ಮೇಲೆ ಏರಿಸಿದರೆ ಎಷ್ಟೋ ವೇಳೆ ಅಷ್ಟರಿಂದಲೇ ಗುಣ ಕಾಣುತ್ತದೆ. ಬೆರಳ ತುದಿಯಷ್ಟಿರುವ ಯುಎಸ್‌ಬಿ ವೈಫೈ ಸಾಧನವನ್ನು ಬಳಸುವವರು ಅದನ್ನು ಯಂತ್ರದ ಬೆನ್ನಿಗೆ ಚುಚ್ಚದೆ, ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲಿನ ತುದಿಯಲ್ಲಿಡುವುದು ಲೇಸು. ಯುಎಸ್‌ಬಿ 3.0 ಸಾಧನಗಳು ಹೊರಸೂಸುವ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೆಡಿಸುತ್ತದೆ.

ಮೂರನೆಯದು ಒಳಗಿನ ಏರ್ಪಾಡು. ವೈಫೈ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವು ಹಳೆಯದಾಗಿದ್ದರೆ ಯಂತ್ರದ ತಯಾರಕರ ಅಧಿಕೃತ ತಾಣದಿಂದಲೇ ಹೊಸದನ್ನು ಪಡೆಯಬೇಕು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡನ್ನು ಆಯ್ದು ನೋಡಿದಾಗ ‘ಪವರ್ ಮ್ಯಾನೇಜ್‌ಮೆಂಟ್’ ಎಂಬ ಪುಟವಿದ್ದರೆ, ವಿದ್ಯುತ್ ಉಳಿತಾಯಕ್ಕಾಗಿ ಕಾರ್ಡನ್ನು ನಿಲ್ಲಿಸಲು ಕೊಟ್ಟಿರುವ ಅನುಮತಿಯ ಗುರುತನ್ನು ತೆಗೆದುಹಾಕಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸಂಪರ್ಕ ಕಡಿಯುವ ಯಂತ್ರಗಳಿಗೆ ಇದು ಮದ್ದು.

ಗಾಳಿಯಲ್ಲಿನ ಸಂದಣಿ

ಒಂದು ಕಟ್ಟಡದ ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ರೌಟರುಗಳಿದ್ದರೆ ಎಲ್ಲವೂ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6 ಮತ್ತು 11 ಎಂಬ ಮೂರೇ. ಇವುಗಳಲ್ಲಿ ಸಂದಣಿ ಕಡಿಮೆಯಿರುವುದನ್ನು ಆಯಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ, ಒಲೆ ಉರಿಯುವಾಗಲೇ ಸಂಪರ್ಕ ಕುಗ್ಗುತ್ತಿದೆಯೇ ಎಂದು ಗಮನಿಸಬೇಕು. 5 ಗಿಗಾಹರ್ಟ್ಸಿನಲ್ಲಿ 52ರಿಂದ 144ರವರೆಗಿನ ಚಾನೆಲುಗಳು ರೇಡಾರುಗಳೊಡನೆ ಹಂಚಿಕೆಯಾದವು. ರೇಡಾರಿನ ಸುಳಿವು ಸಿಕ್ಕರೆ ರೌಟರು ಆ ಚಾನೆಲನ್ನು ಬಿಟ್ಟು ಸರಿಯುವುದರಿಂದ ಸಂಪರ್ಕ ತುಂಡಾಗುತ್ತದೆ. 36ರಿಂದ 48ರವರೆಗಿನವು ನಿರಪಾಯ. ಎರಡು ಪಟ್ಟಿಗಳಿಗೂ ಒಂದೇ ಹೆಸರಿದ್ದರೆ ಯಂತ್ರವು ಅತ್ತಿತ್ತ ಹಾರಾಡಬಹುದು. ಬೇರೆ ಬೇರೆ ಹೆಸರಿಟ್ಟು ಒಂದರಲ್ಲೇ ನಿಲ್ಲಿಸಬಹುದು. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನಲ್ಲೋ ಟಿವಿಯ ಹಿಂದೆಯೋ ಅಡಗಿರುವ ರೌಟರನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರದಲ್ಲಿ, ತೆರೆದ ಸ್ಥಳದಲ್ಲಿಡುವುದು ಉತ್ತಮ.

ಈ ಬದಲಾವಣೆಗಳನ್ನೆಲ್ಲ ಒಂದೇ ದಿನ ಮಾಡಲಾಗದು. ಒಂದು ಸಲಕ್ಕೆ ಒಂದನ್ನೇ ಮಾಡಿ, ದಿನಾಂಕ ಮತ್ತು ಫಲವನ್ನು ಬರೆದಿಟ್ಟು, ಒಂದು ದಿನ ಕಾದು ನೋಡಬೇಕು. ಇಲ್ಲವಾದರೆ ಯಾವ ಮದ್ದಿನಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯದು.

ತಂತಿಯೇ ಮೇಲು

ಕೊನೆಗೂ ಒಂದು ಮಾತು ಉಳಿಯುತ್ತದೆ. ಮೇಜು ಬಿಟ್ಟು ಏಳದ ಯಂತ್ರಕ್ಕೆ ನಿಸ್ತಂತು ಸಂಪರ್ಕ ಅನಿವಾರ್ಯವೇನಲ್ಲ. ರೌಟರಿನಿಂದ ಯಂತ್ರಕ್ಕೆ ನೇರವಾಗಿ ಎಳೆದ ಕ್ಯಾಟ್-6 ಕೇಬಲು 100 ಮೀಟರಿನವರೆಗೂ ನಿರ್ವಿಘ್ನವಾಗಿ ಕೆಲಸ ಮಾಡಬಲ್ಲದು. ಗೋಡೆ, ಒಲೆ, ನೆರೆಮನೆಯ ರೌಟರು ಯಾವುದೂ ಅದನ್ನು ಕದಲಿಸಲಾರದು.

ಎಚ್ಚರಿಕೆ

ಹಣ ಕಳುಹಿಸುವಾಗ ಸಂಪರ್ಕ ಕಡಿದರೆ ಕೂಡಲೇ ಎರಡನೆಯ ಸಲ ಕಳುಹಿಸದೆ, ಮೊದಲು ಖಾತೆಯ ವಿವರವನ್ನು ನೋಡಬೇಕು. ಯುಪಿಐ ಮೂಲಕ ಇನ್ನೊಬ್ಬರ ಖಾತೆಗೆ ಕಳುಹಿಸಿದ ಹಣ ಇಲ್ಲಿ ಖರ್ಚಾಗಿ ಅಲ್ಲಿ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕೆಂದೂ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದೂ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ವಿಧಿಸಿದೆ. ವೈಫೈ ಸರಿಪಡಿಸುವುದಾಗಿ ಫೋನು ಮಾಡಿ, ಯಂತ್ರದ ಹತೋಟಿಯನ್ನೋ ಒಟಿಪಿಯನ್ನೋ ಕೇಳುವ ಅಪರಿಚಿತರಿಗೆ ಎರಡನ್ನೂ ಕೊಡಲಾಗದು. ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ವೈದ್ಯರ ಸಲಹೆಯ ವಿಷಯದಲ್ಲಿಯೂ ಕಿವಿಯೊಂದನ್ನೇ ನಂಬಬಾರದು. 2020ರ ದೂರವೈದ್ಯ ಮಾರ್ಗಸೂಚಿಯಂತೆ, ಔಷಧ ಸೂಚಿಸಿದ ವೈದ್ಯರು ಸಹಿ ಮಾಡಿದ ಚೀಟಿಯ ಪ್ರತಿಯನ್ನು ಕಳುಹಿಸಿಕೊಡಬೇಕು. ಅದನ್ನು ಕೇಳಿ ಪಡೆದು, ಧಾರವಾಡದ ತಾಯಿಗೆ ಇನ್ನೊಮ್ಮೆ ಓದಿ ಹೇಳಿದರೆ, ಗಾಳಿಯಲ್ಲಿ ಕಳೆದುಹೋದ ‘ಅರ್ಧ’ವು ಕಾಗದದ ಮೇಲೆ ಮರಳಿ ಸಿಗುತ್ತದೆ.