ರಾತ್ರಿ ಪ್ರದರ್ಶನ: ತೀರ್ಪು ಮರಳಿ ಬರುವ ಪ್ರೇಕ್ಷಕನದು

1924ರಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವದ ಅಂಗವಾಗಿ 2024ರ ಡಿಸೆಂಬರ್‌ನಲ್ಲಿ ನಗರದ ಪ್ರಮುಖ ರಸ್ತೆ ಹಾಗೂ ವೃತ್ತಗಳನ್ನು ಮೈಸೂರು ದಸರಾ ಮಾದರಿಯಲ್ಲಿ ದೀಪಗಳಿಂದ ಅಲಂಕರಿಸಲಾಗಿತ್ತು. ಸಂಜೆಯಾಗುತ್ತಲೇ ಜನರು ಸಂಸಾರ ಸಮೇತರಾಗಿ ಬೀದಿಗಿಳಿದರು. ಬೆಳಕನ್ನು ನೋಡಲೆಂದೇ ಮನೆಯಿಂದ ಹೊರಡುವ ಗಿರಾಕಿ ನಮ್ಮಲ್ಲಿಯೂ ಇದ್ದಾನೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಗಲು ಬಂದು ಸಂಜೆಗೆ ಮರಳುವ ಪ್ರವಾಸಿಯನ್ನು ರಾತ್ರಿಯವರೆಗೆ ಊರಿನಲ್ಲಿ ನಿಲ್ಲಿಸಿದರೆ ಖಾನಾವಳಿ, ವಸತಿಗೃಹ, ಆಟೋರಿಕ್ಷಾ ಹಾಗೂ ಕುಂದಾ ಅಂಗಡಿ ಎಲ್ಲಕ್ಕೂ ವ್ಯಾಪಾರ ಒದಗುತ್ತದೆ. ಆದರೆ ಒಮ್ಮೆ ಬಂದವನು ಎರಡನೆಯ ಸಲವೂ ಬರುವನೇ ಎಂಬುದೇ ಬಂಡವಾಳ ಹೂಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ. ಜಗತ್ತಿನ ಅತಿ ದೊಡ್ಡ ಮನೋರಂಜನಾ ಉದ್ಯಾನ ಸಂಸ್ಥೆಯ ಇತ್ತೀಚಿನ ಅನುಭವ ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ.

ಎರಡು ಪ್ರದರ್ಶನಗಳ ವೃತ್ತಾಂತ

ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಆರಂಭವಾಯಿತು. ಅದರ 50ನೇ ವಾರ್ಷಿಕೋತ್ಸವಕ್ಕಾಗಿ 2021ರಲ್ಲಿ ಎರಡು ಹೊಸ ರಾತ್ರಿ ಪ್ರದರ್ಶನಗಳನ್ನು ಸಿದ್ಧಪಡಿಸಲಾಯಿತು. ‘ಮ್ಯಾಜಿಕ್ ಕಿಂಗ್‌ಡಮ್’ ಉದ್ಯಾನದಲ್ಲಿ 2017ರಿಂದ ನಡೆಯುತ್ತಿದ್ದ ‘ಹ್ಯಾಪಿಲಿ ಎವರ್ ಆಫ್ಟರ್’ ಪ್ರದರ್ಶನವನ್ನು ನಿಲ್ಲಿಸಿ ‘ಎನ್‌ಚಾಂಟ್‌ಮೆಂಟ್’ ಆರಂಭಿಸಲಾಯಿತು. ‘ಎಪ್ಕಾಟ್’ ಉದ್ಯಾನದ ಸರೋವರದ ಮೇಲೆ ‘ಹಾರ್ಮೋನಿಯಸ್’ ಎಂಬ ಪ್ರದರ್ಶನ ಬಂದಿತು. ಅದೇ ಸರೋವರದಲ್ಲಿ 1999ರಿಂದ 2019ರವರೆಗೆ, ಅಂದರೆ 20 ವರ್ಷಗಳ ಕಾಲ, ‘ಇಲ್ಯುಮಿನೇಷನ್ಸ್’ ಪ್ರದರ್ಶನ ನಡೆದಿತ್ತು. ತಂದೆ ತಾಯಿಯರ ಕೈಹಿಡಿದು ಅದನ್ನು ನೋಡಿದ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಕರೆತರುವಷ್ಟು ದೀರ್ಘ ಅವಧಿ ಅದು.

ಹೊಸ ಪ್ರದರ್ಶನಗಳಲ್ಲಿ ತಂತ್ರಜ್ಞಾನಕ್ಕೆ ಕೊರತೆಯಿರಲಿಲ್ಲ. ‘ಎನ್‌ಚಾಂಟ್‌ಮೆಂಟ್’ನಲ್ಲಿ ಕೋಟೆಯ ಮೇಲಷ್ಟೇ ಅಲ್ಲದೆ ಮುಖ್ಯ ಬೀದಿಯ ಕಟ್ಟಡಗಳ ಮೇಲೂ ಚಿತ್ರಗಳನ್ನು ಬಿಂಬಿಸಲಾಯಿತು. ‘ಹಾರ್ಮೋನಿಯಸ್’ಗಾಗಿ ನಡುವೆ ಬೃಹತ್ ವರ್ತುಲ, ಸುತ್ತಲೂ ನಾಲ್ಕು ತೇಲುವ ವೇದಿಕೆಗಳು ನಿಂತವು. ಸಿನೆಮಾ ಸಂಗೀತವನ್ನು ಹತ್ತಾರು ಭಾಷೆಗಳಲ್ಲಿ ಹಾಡಿಸಲಾಯಿತು. ಆದರೂ ಅಭಿಮಾನಿಗಳ ಬಹುಪಾಲು ಮೆಚ್ಚುಗೆ ಹಳೆಯದಕ್ಕೇ ಉಳಿಯಿತು.

ಮುನಿಸಿನ ಕಾರಣಗಳು

ಅಭಿಮಾನಿಗಳ ಆಕ್ಷೇಪಣೆಗಳಲ್ಲಿ ಎರಡು ಗಮನಾರ್ಹವಾಗಿವೆ. ಮೊದಲನೆಯದು ಭಾವನೆಗೆ ಸಂಬಂಧಿಸಿದ್ದು. ಹಳೆಯ ಹಾಡು, ಹಳೆಯ ಕಥನದೊಡನೆ ಬೆಸೆದಿದ್ದ ನೆನಪು ಹೊಸದರಲ್ಲಿ ದೊರೆಯಲಿಲ್ಲ. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಸಂಸ್ಥಾಪಕರ ಸ್ಮರಣೆಯೇ ಇಲ್ಲವೆಂಬ ದೂರೂ ಕೇಳಿಬಂದಿತು. 2022ರಲ್ಲಿ ಅದನ್ನು ಸೇರಿಸಲಾಯಿತು.

ಎರಡನೆಯದು ವ್ಯಾವಹಾರಿಕವಾದದ್ದು. ರಾತ್ರಿ ಕೆಲವೇ ನಿಮಿಷ ನಡೆಯುವ ‘ಹಾರ್ಮೋನಿಯಸ್’ಗಾಗಿ ಆ ಭಾರಿ ವೇದಿಕೆಗಳು ಹಗಲಿಡೀ ಸರೋವರದ ನಡುವೆಯೇ ನಿಂತಿರುತ್ತಿದ್ದವು. ದಂಡೆಯ ಸುತ್ತಲಿರುವ 11 ದೇಶಗಳ ಮಂಟಪಗಳ ನೋಟಕ್ಕೆ ಅವು ಅಡ್ಡವಾದವು. ರಾತ್ರಿಯ ಅಲ್ಪಾವಧಿಯ ಲಾಭಕ್ಕಾಗಿ ಹಗಲಿನ ಆಸ್ತಿಯನ್ನೇ ಮಸುಕುಗೊಳಿಸಿದಂತಾಯಿತು.

2022ರ ಸೆಪ್ಟೆಂಬರ್‌ನಲ್ಲಿ ಹಳೆಯ ‘ಹ್ಯಾಪಿಲಿ ಎವರ್ ಆಫ್ಟರ್’ ಮರಳುವುದೆಂದು ಸಂಸ್ಥೆ ಘೋಷಿಸಿದಾಗ ಅಭಿಮಾನಿಗಳು ಸಂಭ್ರಮಿಸಿದರು. ವಾರ್ಷಿಕೋತ್ಸವ ಮುಗಿಯುತ್ತಲೇ, 2023ರ ಏಪ್ರಿಲ್ 2ರಂದು, ಎರಡೂ ಹೊಸ ಪ್ರದರ್ಶನಗಳು ತೆರೆಮರೆಗೆ ಸರಿದವು. ಮರುದಿನವೇ ಹಳೆಯದು ಮರಳಿತು. ಆದರೆ ಮುಖ್ಯ ಬೀದಿಯ ಮೇಲೆ ಚಿತ್ರ ಬಿಂಬಿಸುವ ಹೊಸ ತಂತ್ರವನ್ನು ಅದಕ್ಕೆ ಜೋಡಿಸಿಕೊಳ್ಳಲಾಗಿತ್ತು. ಸರೋವರದ ಬೃಹತ್ ವೇದಿಕೆಗಳನ್ನು ತೆಗೆಸಿ, ಅದೇ ವರ್ಷ ಡಿಸೆಂಬರ್ 5ರಿಂದ ‘ಲ್ಯೂಮಿನಸ್’ ಎಂಬ ಪ್ರದರ್ಶನ ಆರಂಭಿಸಲಾಯಿತು. ಗಿರಾಕಿಗೆ ಬೇಡವಾದುದನ್ನು ಕೈಬಿಟ್ಟು, ಅದರಲ್ಲಿದ್ದ ಒಳ್ಳೆಯದನ್ನು ಉಳಿಸಿಕೊಂಡದ್ದು ವಿವೇಕದ ನಡೆ.

ನಮ್ಮಲ್ಲಿಯ ‘ಒನ್ಸ್ ಮೋರ್’

ಪ್ರೇಕ್ಷಕನ ಈ ಅಧಿಕಾರ ಬೆಳಗಾವಿ ಸೀಮೆಗೆ ಹೊಸದೇನಲ್ಲ. ಏಣಗಿ ಬಾಳಪ್ಪನವರಂಥ ಕಲಾವಿದರು ಬೆಳೆಸಿದ ಕಂಪನಿ ನಾಟಕಗಳಲ್ಲಿ ಮೆಚ್ಚಿದ ಪದಕ್ಕೆ ‘ಒನ್ಸ್ ಮೋರ್’ ಕೂಗಿ ಮತ್ತೆ ಹಾಡಿಸಿಕೊಳ್ಳುವುದು ಪ್ರೇಕ್ಷಕರ ಹಕ್ಕೇ ಆಗಿತ್ತು. ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಕಥೆ ನೆರೆದವರಿಗೆಲ್ಲ ಮೊದಲೇ ಗೊತ್ತು. ಆದರೂ ಜನ ಮತ್ತೆ ಬರುತ್ತಾರೆ. ಗೊತ್ತಿರುವುದನ್ನೇ ಚೆನ್ನಾಗಿ ಮಾಡಿ ತೋರಿಸಿದರೆ ಜನರಿಗೆ ಬೇಸರವಿಲ್ಲ. ಮೈಸೂರು ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಏಕಕಾಲಕ್ಕೆ ಬೆಳಗುವುದನ್ನು ನೋಡಲು ಇಂದಿಗೂ ಜನ ಕಾದು ನಿಲ್ಲುವುದು ಇದೇ ಕಾರಣಕ್ಕೆ. ಆ ಬಲ್ಬುಗಳು ಅರಮನೆಯ ರೂಪವನ್ನು ಮರೆಮಾಡದೆ ಅದನ್ನೇ ಎತ್ತಿ ತೋರಿಸುತ್ತವೆ.

ಬೆಳಗಾವಿ–ಖಾನಾಪುರದ ಲೆಕ್ಕಾಚಾರ

ಇಂಥ ಪ್ರದರ್ಶನಕ್ಕೆ ಬೇಕಾದ ಕಥೆಗಳು ಈ ಭಾಗದಲ್ಲಿ ಧಾರಾಳವಾಗಿವೆ. ಬೆಳಗಾವಿಯ ಕೋಟೆ ಕೆರೆಯಿದೆ. ಖಾನಾಪುರ ತಾಲ್ಲೂಕಿನಲ್ಲಿ ಕದಂಬರ ಹಲಸಿಯಿದೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವಿದೆ. ಇಂಥಲ್ಲಿ ಬಂಡವಾಳ ಹೂಡುವವರು ಕೆಲವು ಅಂಶಗಳನ್ನು ಮೊದಲೇ ಪರಿಗಣಿಸುವುದು ಒಳಿತು.

ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ. ಬಯಲಿನ ಪ್ರದರ್ಶನಕ್ಕೆ ಸಿಗುವುದು ವರ್ಷದಲ್ಲಿ 8 ತಿಂಗಳು ಮಾತ್ರ. ಸವಕಳಿ, ಬಡ್ಡಿ, ವಿಮೆಗಳು ಮಾತ್ರ 12 ತಿಂಗಳೂ ಓಡುತ್ತವೆ. ರಾತ್ರಿ 10ರ ನಂತರ ಧ್ವನಿವರ್ಧಕಗಳ ಮೇಲೆ 2000ದ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದೆ.

ತೆರಿಗೆಯ ವಿಷಯದಲ್ಲಿ, ಮನೋರಂಜನಾ ಉದ್ಯಾನಗಳ ಪ್ರವೇಶದ ಮೇಲಿನ ಜಿಎಸ್‌ಟಿ 2018ರ ಜನವರಿ 25ರಿಂದ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳ 500 ರೂಪಾಯಿವರೆಗಿನ ಟಿಕೆಟ್‌ಗೆ ವಿನಾಯಿತಿಯಿದೆ. ಆದರೆ ವಿನಾಯಿತಿ ಪಡೆದಾಗ ದೀಪ, ಪ್ರೊಜೆಕ್ಟರ್ ಖರೀದಿಯ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ಜಮೆ ದೊರೆಯದೆ ಅದು ಯೋಜನಾ ವೆಚ್ಚಕ್ಕೇ ಸೇರುತ್ತದೆ. ಟಿಕೆಟ್ ದರ ನಿಗದಿಗೆ ಮುನ್ನವೇ ಈ ಲೆಕ್ಕವಾಗಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇರುವ ಆಸ್ತಿಯ ರಕ್ಷಣೆ. ಖಾನಾಪುರದ ಕಾಡಿಗೆ ಅದರ ಕತ್ತಲೆಯೇ ಸಂಪತ್ತು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದ ಬಾರಾಪೇಡೆ ಗವಿಗಳು ಅಪರೂಪದ ರಾಟನ್ ಬಾವಲಿಯ ನೆಲೆ. ಅಂಥ ಕಾಡಿನ ಅಂಚಿಗೆ ಹೊನಲು ಬೆಳಕು ಹರಿಸುವುದು, ಕೆರೆಯ ನಡುವೆ ಕಬ್ಬಿಣದ ಚೌಕಟ್ಟು ನೆಡುವುದು, ಗುಡಿಯ ಮುಂದೆ ಗೋಪುರ ನಿಲ್ಲಿಸುವುದು ಎಪ್ಕಾಟ್‌ನ ತಪ್ಪನ್ನೇ ಮರುಕಳಿಸಿದಂತಾದೀತು. ಅದರ ಬದಲು ಖಾನಾಪುರದ ಕುಂಬಾರರ ಹಣತೆ, ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕಹೊಯ್ದ ದೀಪಸ್ತಂಭ, ಸ್ಥಳೀಯ ಕಲಾವಿದರ ಹಾಡು ಇವುಗಳಿಗೆ ಯೋಜನೆಯಲ್ಲಿ ಪಾಲಿದ್ದರೆ ಹಣವೂ ಊರಿನಲ್ಲಿಯೇ ಉಳಿಯುವುದು, ನೋಡುವವನಿಗೂ ಅದು ತನ್ನದೆನಿಸುವುದು.

ಪ್ರಚಾರದಿಂದ ಮೊದಲ ದಿನದ ಟಿಕೆಟ್‌ಗಳು ಮಾರಾಟವಾಗಬಹುದು. ಬ್ಯಾಂಕಿನ ಸಾಲ ತೀರಬೇಕಾದರೆ ಮಾತ್ರ ಅದೇ ಗಿರಾಕಿ ಮುಂದಿನ ವರ್ಷ ತನ್ನ ಬೀಗರನ್ನೂ ಕರೆದುಕೊಂಡು ಬರಬೇಕು. ಆದ್ದರಿಂದ ಯೋಜನೆಯ ನಕ್ಷೆ ಸಿದ್ಧವಾಗುವ ಮೊದಲೇ, ಆ ಕೆರೆಯ ದಂಡೆಯಲ್ಲಿ ಪ್ರತಿದಿನ ಸಂಜೆ ಕುಳಿತುಕೊಳ್ಳುವವರ ಅಭಿಪ್ರಾಯವನ್ನು ಕೇಳುವುದು ಉದ್ಯಮಿಗಳಿಗೆ ಶ್ರೇಯಸ್ಕರ.