ನಂದಿದುರ್ಗದ ಕಲ್ಲೂ ನೀರೂ

ಪೆರು ದೇಶದಲ್ಲಿ ಇಂಕಾ ಜನರು 15ನೆಯ ಶತಮಾನದಲ್ಲಿ ಕಟ್ಟಿದ ಮಾಚು ಪಿಚು ಎಂಬ ಗಿರಿನಗರದ ಚಿತ್ರವನ್ನು ಕಂಡು ಬೆರಗಾಗುವ ನಮ್ಮ ಬಾಲಕಿಯರು, ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿಬೆಟ್ಟವನ್ನು ವಿಹಾರಸ್ಥಳವೆಂದಷ್ಟೇ ಬಲ್ಲರು. 4,851 ಅಡಿ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರನ ಗುಡಿಯೂ, ಬುಡದಲ್ಲಿ ಭೋಗನಂದೀಶ್ವರನ ಗುಡಿಯೂ ಇವೆ. ಬುಡದ ಗುಡಿಯ ಶಾಸನಗಳು 9ನೆಯ ಶತಮಾನದಷ್ಟು ಹಳೆಯವು. ಕೋಟೆಯನ್ನು ಚಿಕ್ಕಬಳ್ಳಾಪುರದ ಪಾಳೆಯಗಾರರು ಆರಂಭಿಸಿದರು. ಹೈದರನೂ ಟೀಪುವೂ ಬಲಪಡಿಸಿದರು. ಆದರೆ ಅದರ ಮೊದಲ ಶಿಲ್ಪಿ ಬೆಟ್ಟವೇ ಎನ್ನಬೇಕು. ಬಹುಪಾಲು ಕಡೆಗಳಲ್ಲಿ ಕಡಿದಾದ ಬಂಡೆಯೇ ಗೋಡೆ. ಹತ್ತಲು ಸಾಧ್ಯವಿದ್ದ ಪಶ್ಚಿಮದಲ್ಲಿ ಮಾತ್ರ ಮನುಷ್ಯರು ಎರಡು ಸುತ್ತು ಗೋಡೆಯನ್ನೆಬ್ಬಿಸಿದರು.

ಗೋಡೆಗಿಂತಲೂ ನೀರು ಮುಖ್ಯವೆಂದು ನಾವು ಭಾವಿಸುತ್ತೇವೆ. ಮಾಚು ಪಿಚುವಿನಲ್ಲಿ ಊಟೆಯ ನೀರನ್ನು ಕಲ್ಲುಕಾಲುವೆಯಲ್ಲಿ ತಂದು, ಒಂದರ ಕೆಳಗೊಂದರಂತೆ 16 ಕಲ್ಲುದೋಣಿಗಳಿಗೆ ಇಳಿಸಿದ್ದರು. ನಂದಿಯ ಮೇಲೆ ಮೆಟ್ಟಿಲು ಕಟ್ಟಿದ ಅಮೃತ ಸರೋವರವಿದೆ. ಅದೂ ಊಟೆಯ ನೀರೇ. ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಗಳು ಟೀಪು ಡ್ರಾಪಿನ ಅಂಚಿನಿಂದ ಬೇಗನೆ ಹಿಂದಿರುಗಿ (ನಮಗಂತೂ ಅಲ್ಲಿ ಎದೆ ನಡುಗುತ್ತದೆ!) ಈ ಮೆಟ್ಟಿಲುಗಳ ಬಳಿ ತುಸು ನಿಲ್ಲಬೇಕೆಂದು ಬೇಡುತ್ತೇವೆ. ಇಂಥ ನೀರಿಲ್ಲದೆ ಯಾವ ಕಾವಲುದಂಡೂ ಬೆಟ್ಟದ ಮೇಲೆ ನಿಲ್ಲಲಾರದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಸುಮಾರು ಮೂರು ವಾರ ಮುತ್ತಿಗೆ ಹಾಕಿತು. ಅಕ್ಟೋಬರ್ 19ರಂದು ದುರ್ಗವು ಬಿದ್ದದ್ದು ಬಾಯಾರಿಕೆಯಿಂದಲ್ಲ, ಫಿರಂಗಿಗಳು ಆ ಪಶ್ಚಿಮದ ಗೋಡೆಯನ್ನು ಒಡೆದದ್ದರಿಂದ.